ಅವನು ಹೊಡೆಯದೆ ಮುರಿದ ಕೈ

ನನ್ನ ಮೈಯಲ್ಲಿ ಮುರಿದ ಮೂಳೆಗಳಲ್ಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ನನ್ನ ಗಂಡ ಮುರಿದದ್ದು. ಅವನಿಗೆ ಏಟು ಬಿದ್ದದ್ದು ಮಾತ್ರ ಆ ಒಂದಕ್ಕೆ. ಅದನ್ನೇ ಬರೀತೀನಿ.

ಜೋಗುಪಾಳ್ಯದಲ್ಲಿ ನಮ್ಮದು ಮಟನ್ ಅಂಗಡಿ. ಒಳಗೆ ಕೊಯ್ಯೋದು, ಕಡಿಯೋದು, ತೂಗೋದು ಅವನದು. ಹೊರಗೆ ಫುಟ್‌ಪಾತಿನಲ್ಲಿ ತಲೆಕಾಲು ಸುಡೋದು ನನ್ನದು. ಒಂದು ಇದ್ದಿಲ ಒಲೆ, ಅದರೊಳಗೆ ಕೆಂಪಗೆ ಕಾದ ಕಬ್ಬಿಣದ ಕಂಬಿ, ಪಕ್ಕದಲ್ಲಿ ಹುಣಸೆಮರದ ಕೊರಡು, ಮಚ್ಚು. ಕಾಲನ್ನು ಬೆಂಕಿಗೆ ಹಿಡಿದರೆ ಕೂದಲು ಚರಚರ ಅಂತ ಹೋಗುತ್ತೆ, ಗೊರಸು ಸಡಿಲವಾಗುತ್ತೆ, ಕಲ್ಲಿಗೆ ಬಡಿದರೆ ಕಳಚಿ ಬೀಳುತ್ತೆ. ತಲೆ ಅಷ್ಟು ಸುಲಭ ಅಲ್ಲ. ಕಿವಿಯ ಸಂದಿ, ತುಟಿಯ ಮಡಿಕೆ, ಕಣ್ಣಿನ ಗುಂಡಿಗೆ ಕಂಬಿಯೇ ಆಗಬೇಕು. ಸುಟ್ಟು ಕೆರೆದ ಮೇಲೆ ಕೊರಡಿನ ಮೇಲೆ ಇಟ್ಟು ನಡುನೆತ್ತಿಗೆ ಮಚ್ಚು ಇಳಿಸಬೇಕು. ಸರಿಯಾಗಿ ಬಿದ್ದರೆ ಒಂದೇ ಏಟು. ಮಿದುಳು ಚೆದುರದೆ ಎರಡು ಹೋಳು. ನನ್ನ ಏಟು ತಪ್ಪುತ್ತಿರಲಿಲ್ಲ. ಇಂದಿರಾನಗರದಿಂದ ಕಾರಲ್ಲಿ ಬರೋರು ಕೂಡ ಒಳಗೆ ಹೋಗದೆ ಮೊದಲು ನನ್ನ ಹತ್ತಿರ ನಿಲ್ಲೋರು.

ಗಂಡ ಹೊಡೆಯೋನು. ಕುಡಿದೂ ಹೊಡೆಯೋನು, ಕುಡಿಯದೆಯೂ ಹೊಡೆಯೋನು. ಕತ್ತಿ ಮಸೆಯೋ ಉಕ್ಕಿನ ಕೋಲು, ತಕ್ಕಡಿಯ ಚೈನು, ಏನು ಸಿಕ್ಕಿತೋ ಅದು. ಒಂದು ಸಲ ತೂಕದ ಬಟ್ಟು ಎಸೆದ, ಹೆಗಲ ಮೂಳೆ ಹೋಯಿತು. ಒಂದು ಸಲ ಒದ್ದ, ಪಕ್ಕೆಲುಬು ಹೋಯಿತು. ಕಿರುಬೆರಳು ಅಂಗಡಿಯ ಶಟರಿಗೆ ಸಿಕ್ಕಿ ಹೋಯಿತು. ಶಟರು ತಾನಾಗಿ ಬೀಳಲಿಲ್ಲ, ಅವನು ಎಳೆದ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸು. ಅದಕ್ಕೆ ನಮ್ಮ ಕಡೆ ಹೆಂಗಸರು ಯಾರೂ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಮೂಳೆಗೆ ಕಟ್ಟು ಕಟ್ಟುವವನಿದ್ದ. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಬಿದಿರು ದಬ್ಬೆ, ಬಟ್ಟೆ. ಕೇಸಿಲ್ಲ. ಹೋದಾಗಲೆಲ್ಲ ನನ್ನದು ಒಂದೇ ಮಾತು: ಬಚ್ಚಲಲ್ಲಿ ಜಾರಿ ಬಿದ್ದೆ. ಗರುಡಾಚಾರ್‌ಪಾಳ್ಯದ ತವರಿಗೆ ಹೋದಾಗಲೂ ಅದೇ ಮಾತು. ಕಟ್ಟು ಕಟ್ಟುವವನು ದಬ್ಬೆ ಬಿಗಿಯುತ್ತಾ ಹೇಳೋನು, "ಆ ಬಚ್ಚಲ ಕಲ್ಲನ್ನ ಕಿತ್ತಾಕ್ಸಮ್ಮ. ಇಲ್ಲಾ ಅದಕ್ಕೆ ಕುಡಿಯೋದು ಬಿಡ್ಸು."

ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ದಿನದ ಮೊದಲ ಕುರಿಯ ಲಿವರ್ ಗಂಡಸಿಗೆ. ಕಡಿಯೋ ಕೈಗೆ ಬಲ ಬೇಕು ಅಂತ. ನಾನೂ ಕಡಿಯುತ್ತಿದ್ದೆ, ಅದು ಲೆಕ್ಕಕ್ಕಿಲ್ಲ. ಲಾಕಿ ಅಂತ ಕುರಿಯ ರಕ್ತ ಹುರಿದು ಮಾಡ್ತೀವಲ್ಲ, ಅದೂ ಗಂಡಸರಿಗೇ. ಅತ್ತೆ ಬದುಕಿದ್ದಾಗ ಹೇಳೋಳು, "ಹೆಂಗಸು ರಕ್ತ ತಿಂದ್ರೆ ಮುಟ್ಟು ಮಿತಿಮೀರಿ ಹೋಗುತ್ತೆ." ನನಗೆ ಮೊದಲೇ ಮಿತಿಮೀರಿ ಹೋಗುತ್ತಿತ್ತು. ಮಗಳು ಹುಟ್ಟಿದ ಮೇಲೆ ಶುರುವಾದದ್ದು ನಿಲ್ಲಲೇ ಇಲ್ಲ. ತಿಂಗಳಲ್ಲಿ ಅರ್ಧಕ್ಕರ್ಧ ದಿನ ಬಟ್ಟೆ ಒಗೆಯೋದೇ ಕೆಲಸ. ಅದಕ್ಕೆ ನಾನು ಲಾಕಿಯ ಬಾಣಲೆಯನ್ನೂ ಮುಟ್ಟುತ್ತಿರಲಿಲ್ಲ. ನನ್ನ ಪಾಲಿಗೆ ಮುದ್ದೆ, ಮೂಳೆ ಬೆಂದ ಸಾರು, ಮೇಲೆ ಒಂದು ಲೋಟ ಕಡಕ್ ಚಾ. ಚಾ ಅಂತೂ ದಿನವಿಡೀ.

ಮಗಳು ದೊಡ್ಡವಳಾಗಿ ಕೆ.ಆರ್. ಪುರಕ್ಕೆ ಮದುವೆಯಾಗಿ ಹೋದಳು. ಅವಳು ಹೋದ ವರ್ಷವೇ, ತೊಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ, ಒಂದು ಮಧ್ಯಾಹ್ನ ನಾನು ಒಲೆಯ ಮುಂದೆ ಕೂತಿದ್ದೆ. ಅವನು ಹಿಂದಿನಿಂದ ಬಂದು ಬೆನ್ನಿಗೆ ಒದ್ದ. ಯಾತಕ್ಕೆ ಅಂತ ಈಗ ನೆನಪಿಲ್ಲ, ಅವನಿಗೂ ಇರಲಿಕ್ಕಿಲ್ಲ. ಮುಖ ಕೆಂಡಕ್ಕೆ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಹುಬ್ಬು ಸುಟ್ಟಿತು. ಕೈಯಲ್ಲಿ ಕಂಬಿ ಇತ್ತು. ತಿರುಗಿ ಅವನ ಮುಂಗೈ ಮೇಲೆ ಇಟ್ಟೆ, ಒತ್ತಿದೆ. ಆಡಿನ ಚರ್ಮ ಸುಟ್ಟ ವಾಸನೆಗೂ ಮನುಷ್ಯನ ಚರ್ಮ ಸುಟ್ಟ ವಾಸನೆಗೂ ಹೆಚ್ಚೇನೂ ವ್ಯತ್ಯಾಸ ಇಲ್ಲ. ಅವನು ಮಂಡಿಯೂರಿ ಕೂಗಿಕೊಂಡ.

"ಇನ್ನೊಂದ್ಸಲ ಕೈ ಎತ್ತಿದ್ರೆ ಕಣ್ಣಿಗಿಡ್ತೀನಿ" ಅಂದೆ.

ಕೇಳಿದವರಿಗೆಲ್ಲ ಅವನು ಒಲೆ ತಾಗಿತು ಅಂದ. ಸುಳ್ಳು ಹೇಳೋದು ಅವನ ಸರದಿ. ಅವತ್ತಿಂದ ಬಾಯಿ ಮಾತ್ರ ಇತ್ತು, ಕೈ ಇರಲಿಲ್ಲ. ಇದು ನಮ್ಮಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದು. ತವರಿನವರ ಲೆಕ್ಕದಲ್ಲಿ ಅವನು ಇನ್ನೂ ಹೊಡೆಯುವ ಗಂಡನೇ.

ಆಮೇಲೆ ಎರಡು ಸಾವಿರದ ಇಸವಿ ದಾಟಿತು. ನನಗೆ ಏನೋ ಆಗತೊಡಗಿತು. ನೀರಿನ ಬಿಂದಿಗೆ ಎತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಉಗುರು ಚಮಚದ ಹಾಗೆ ಗುಳಿ ಬಿದ್ದವು. ಮುಖ ಬಿಳಿಚಿಕೊಂಡಿತು. ಗಿರಾಕಿಯೊಬ್ಬಳು, "ಏನಮ್ಮ, ಬಿಸಿಲಲ್ಲಿ ಕೂತೂ ಬೆಳ್ಳಗಾಗ್ತಿದ್ದೀಯ, ಯಾವ ಕ್ರೀಮು?" ಅಂತ ಕೇಳಿದಳು. ನನಗೆ ಖುಷಿಯಾಯಿತು. ಅಷ್ಟೇ ಬುದ್ಧಿ.

ಇನ್ನೊಂದು, ಇದ್ದಿಲು ತಿನ್ನೋ ಚಪಲ. ಆರಿದ ಇದ್ದಿಲ ಚೂರನ್ನು ಬಾಯಿಗೆ ಹಾಕಿಕೊಂಡು ಕಡಿದರೆ ಸಮಾಧಾನ. ಎದುರಿಗೆ ಇಡ್ಲಿ ಮಾರುವ ತಮಿಳು ಹೆಂಗಸು ಇದ್ದಳು. ನನ್ನ ಹಲ್ಲು ನೋಡಿ, "ಎನ್ನ ಅಕ್ಕಾ, ಯಾರ ಮನೆ ಹೊಗೆಗೂಡು ನೆಕ್ಕಿಟ್ಟು ಬಂದ್ರಿ?" ಅಂತ ನಗೋಳು. ನಾನು ಬಾಯಿ ಮುಕ್ಕಳಿಸಿ ಉಗಿದು ಮತ್ತೆ ಇನ್ನೊಂದು ಚೂರು ತೆಗೆಯುತ್ತಿದ್ದೆ.

ಆ ವರ್ಷ ಯುಗಾದಿ ಮುಗಿದು ಮಾರನೇ ದಿನ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು, ಮಾರನೇ ದಿನ ಮಾಂಸ. ವರ್ಷದಲ್ಲಿ ನಮಗೆ ಅದಕ್ಕಿಂತ ದೊಡ್ಡ ವ್ಯಾಪಾರದ ದಿನ ಇಲ್ಲ. ಬೆಳಕು ಹರಿಯೋ ಮೊದಲೇ ಜನ ರಸ್ತೆಯ ತಿರುವಿನವರೆಗೆ ಸಾಲು ನಿಂತಿದ್ದರು. ಒಳಗೆ ಕುರಿಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ರಕ್ತ ಮೆಟ್ಟಿಲು ಇಳಿದು ಮೋರಿಗೆ ಹರಿಯುತ್ತಿತ್ತು. ನನ್ನ ಮುಂದೆ ತಲೆಗಳ ರಾಶಿ.

ಒಂದು ಟಗರಿನ ತಲೆ ಕೊರಡಿನ ಮೇಲಿಟ್ಟೆ. ಮಚ್ಚು ಎತ್ತಿದೆ, ಇಳಿಸಿದೆ. ಲಟಕ್ ಅಂತು. ಒಡೆಯಿತು ಅಂದುಕೊಂಡೆ. ನೋಡಿದರೆ ತಲೆ ಇಡಿಯಾಗಿ ಇದೆ, ಮಚ್ಚು ನೆತ್ತಿಗೆ ಕಚ್ಚಿ ನಿಂತಿದೆ, ನನ್ನ ಬಲಗೈ ಮಣಿಕಟ್ಟಿನ ಹತ್ತಿರ ಮುರಿದು ಜೋತು ಬಿದ್ದಿದೆ. ನೋವು ಆಮೇಲೆ ಬಂತು. ನನ್ನ ಗಂಟಲಿಂದ ಕುರಿಯಂಥ ಸದ್ದು ಹೊರಟಿತು.

ಸದ್ದು ಕೇಳಿ ಗಂಡ ಹೊರಗೆ ಬಂದ. ಮೊಣಕೈವರೆಗೆ ರಕ್ತ, ಕೈಯಲ್ಲಿ ಕತ್ತಿ. "ಏನಾಯ್ತೇ?" ಅಂದ. ಸಾಲಲ್ಲಿ ನಿಂತವರು ನೋಡಿದ್ದು ಅಷ್ಟೇ: ಕತ್ತಿ ಹಿಡಿದ ಗಂಡ, ಕೈ ಮುರಿದುಕೊಂಡು ನೆಲದ ಮೇಲೆ ಕೂತ ಹೆಂಡತಿ. ಯಾರೋ ಹಿಂದಿನಿಂದ, "ಹಬ್ಬದ ದಿನಾನಾದ್ರೂ ಬಿಡಬಾರ್ದಾ ಇವ್ನು" ಅಂದರು.

ಕಟ್ಟು ಕಟ್ಟುವವನ ಹತ್ತಿರ ಹೋದೆ. ಅವನು ಕೈ ಹಿಡಿದು ನೋಡಿ, "ಯಾವುದರಲ್ಲಿ ಹೊಡ್ದ?" ಅಂದ.

"ಯಾರೂ ಹೊಡೀಲಿಲ್ಲ. ಮಚ್ಚು ಇಳಿಸಿದೆ, ಮುರೀತು."

"ಹೋಗ್ಲಿ ಬಿಡು. ಬಚ್ಚಲ ಕಥೆಯೇ ವಾಸಿಯಾಗಿತ್ತು."

ಮಾರನೇ ದಿನ ಬೆಳಿಗ್ಗೆ ಗರುಡಾಚಾರ್‌ಪಾಳ್ಯದಿಂದ ನನ್ನ ಅಣ್ಣ, ತಮ್ಮ ಇಬ್ಬರೂ ಟೆಂಪೊದಲ್ಲಿ ಬಂದು ಇಳಿದರು. ಅಪ್ಪನ ಕಾಲದಲ್ಲಿ ರಾಗಿ ಬೆಳೆದು ಕುರಿ ಮೇಯಿಸುತ್ತಿದ್ದ ಮನೆ. ಈಗ ಹೊಲದ ತುಂಬ ಫ್ಯಾಕ್ಟರಿ ಶೆಡ್ಡು, ಬಾಡಿಗೆ ಬರುತ್ತೆ. ಆದರೆ ಕೈ ಇನ್ನೂ ನೇಗಿಲು ಹಿಡಿದ ಕೈಯೇ. ಸಾಲಲ್ಲಿ ನಿಂತಿದ್ದ ನಮ್ಮೂರ ಕಡೆಯವನೊಬ್ಬ ಫೋನು ಮಾಡಿದ್ದನಂತೆ.

ಅಣ್ಣ ನನ್ನ ಕಟ್ಟಿದ ಕೈ ನೋಡಿದ. ಒಳಗೆ ಹೋಗಿ ಗಂಡನ ಕೂದಲು ಹಿಡಿದು ಹೊರಗೆ ಎಳೆದು ತಂದ. ತಮ್ಮ ಕುರಿ ನೇತುಹಾಕುವ ಮರದ ಕೋಲನ್ನು ಕೊಕ್ಕೆಯಿಂದ ಬಿಡಿಸಿಕೊಂಡ.

"ಅವನು ಹೊಡೆದಿಲ್ಲ" ಅಂದೆ.

"ನೀನು ಸುಮ್ನಿರು. ಇಷ್ಟು ವರ್ಷ ನಿನ್ನ ಬಚ್ಚಲ ಪುರಾಣ ಕೇಳಿ ಸಾಕಾಗಿದೆ" ಅಂದ ಅಣ್ಣ.

"ನಿಜವಾಗ್ಲೂ ಹೊಡೆದಿಲ್ಲ ಕಣೋ."

"ಹೊಡೆಸ್ಕೊಂಡೋರೆಲ್ಲ ಹೇಳೋದು ಅದೇ."

ಮೊದಲ ಏಟು ಬೆನ್ನಿಗೆ ಬಿತ್ತು, ಎರಡನೆಯದು ಕಿವಿಯ ಮೇಲೆ. ಗಂಡ ಕೈ ಮುಗಿದು, "ನಿನ್ನೆ ಅಲ್ಲ ಭಾವ, ನಿನ್ನೆ ಅಲ್ಲ" ಅಂದ. ನಿಜವನ್ನೇ ಹೇಳಿದ, ಪಾಪಿ. ಆದರೆ ಕೇಳೋರಿಗೆ ಅದು ಹೇಗೆ ಕೇಳಿಸಬೇಕು. "ಹಂಗಾದ್ರೆ ಯಾವತ್ತು ಹೇಳು" ಅಂತ ತಮ್ಮ ಇನ್ನೊಂದು ಬಿಟ್ಟ. ಹಣೆಯನ್ನು ನನ್ನ ಕೊರಡಿಗೆ ಬಡಿದರು. ಹಣೆ ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಹಲ್ಲೊಂದು ಬಿದ್ದು ಕುರಿಗೊರಸುಗಳ ಜೊತೆ ಸೇರಿತು. ಆಮೇಲೆ ಅಣ್ಣ ಅವನ ಬಲಗೈಯನ್ನು ಕೊರಡಿನ ಅಂಚಿಗೆ ಅಡ್ಡ ಇಟ್ಟು ಕಾಲಿಂದ ತುಳಿದ. ಆ ಸದ್ದು ನನಗೆ ಗೊತ್ತಿದ್ದ ಸದ್ದೇ.

ನಾನು ಎಡಗೈಯಲ್ಲಿ ಅಣ್ಣನ ಅಂಗಿ ಹಿಡಿದು ಎಳೆದೆ. ಅವನು ಕೊಡವಿದ, ನಾನು ಹೋಗಿ ಗೋಡೆಗೆ ಬಿದ್ದೆ. ಜನ ಸುತ್ತ ನಿಂತು ನೋಡುತ್ತಿದ್ದರು. ಕೊನೆಗೆ ಬಿಡಿಸಿದ್ದು ಇಡ್ಲಿಯವಳು. ಕುದಿಯೋ ನೀರಿನ ಪಾತ್ರೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, "ಬಿಡ್ರೀ. ಇಲ್ಲಾಂದ್ರೆ ಮೂರು ಜನಕ್ಕೂ ಸೇರಿಸಿ ಊತ್ತಿಡ್ತೀನಿ" ಅಂದಳು. ಅವಳು ಸುರಿಯುವವಳೇ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬಿಟ್ಟರು.

ಅಣ್ಣ ಏದುಸಿರು ಬಿಡುತ್ತಾ ನನಗೆ ಹೇಳಿದ, "ನಾಳೆಯಿಂದ ನೀನು ನಮ್ಮನೇಲಿರು. ಈ ಅಂಗಡಿಗೆ ಬೀಗ."

ನಾನು ಹೆದರಿದ್ದು ಆಗ. ಗಂಡ ಮುರಿದು ಬಿದ್ದದ್ದಕ್ಕಲ್ಲ. ತವರಲ್ಲಿ ಅಪ್ಪನ ತಂಗಿ ಒಬ್ಬಳು ಹಾಗೇ ಗಂಡನನ್ನು ಬಿಟ್ಟು ಬಂದು ಉಳಿದಿದ್ದಳು. ಅಡುಗೆಮನೆ ಬಾಗಿಲ ಹಿಂದೆ ಅವಳ ಚಾಪೆ. ಎಲ್ಲರೂ ಉಂಡ ಮೇಲೆ ಅವಳ ತಟ್ಟೆ. ಸಾಯೋವರೆಗೂ ಯಾರೂ ಅವಳಿಗೆ ಒಂದು ಏಟು ಹೊಡೆಯಲಿಲ್ಲ, ಯಾರೂ ಒಂದು ಮಾತೂ ಕೇಳಲಿಲ್ಲ. ನನಗೆ ಇದ್ದದ್ದು ಆ ಫುಟ್‌ಪಾತು, ಆ ಒಲೆ, ಆ ಮಚ್ಚು. ಅದನ್ನು ಹಿಡಿಯೋ ಕೈ ಇಲ್ಲದಿದ್ದರೆ, ಯಾತಕ್ಕೆ ಮುರೀತು ಅಂತಾನೂ ತಿಳೀದಿದ್ದರೆ, ನನಗೂ ಅದೇ ಚಾಪೆ.

ಗಂಡನ ಹಣೆ ಸೀಳಿದ್ದಕ್ಕೆ ಮೊಟ್ಟೆ ಹಚ್ಚೋಕಾಗಲ್ಲ. ಆಟೋ ಮಾಡಿ ಶಿವಾಜಿನಗರದ ದೊಡ್ಡಾಸ್ಪತ್ರೆಗೆ ಹೊರಟೆವು. ಅಣ್ಣನೂ ಹತ್ತಿದ. ಪ್ರೀತಿಗಲ್ಲ, ಸತ್ತುಗಿತ್ತು ಹೋದರೆ ಕೊಲೆ ಕೇಸಾಗುತ್ತೆ ಅಂತ.

ಬಾಗಿಲಲ್ಲೇ ಪೊಲೀಸಿನವನು ಕೂತಿದ್ದ. "ಏನಾಯ್ತು?" ಅಂತ ಗಂಡನನ್ನು ಕೇಳಿದ.

ಗಂಡ ಬಾಯಲ್ಲಿದ್ದ ರಕ್ತ ನುಂಗಿ, ಅಣ್ಣನ ಕಡೆ ಒಂದು ಸಲ ನೋಡಿ, "ಬಚ್ಚಲಲ್ಲಿ ಜಾರಿ ಬಿದ್ದೆ ಸಾರ್" ಅಂದ.

ಪೊಲೀಸಿನವನು ನನ್ನ ಕೈ ನೋಡಿದ. "ನೀನೂ ಅಲ್ಲೇ ಬಿದ್ಯಾ?"

"ಇಲ್ಲ ಸಾರ್. ನಂದು ತಾನಾಗೇ ಮುರೀತು."

"ಒಳ್ಳೆ ಜೋಡಿ. ಒಳಗೆ ಹೋಗಿ."

ಗಂಡನನ್ನು ಹೊಲಿಗೆಗೆ ಕರೆದರು. ಬೆಂಚಿಂದ ಎದ್ದೆ. ಗೋಡೆ, ದೀಪ, ಅಣ್ಣ ಎಲ್ಲ ಕಪ್ಪಾದವು. ಕಣ್ಣು ಬಿಟ್ಟಾಗ ನಾನು ಮಂಚದ ಮೇಲೆ ಇದ್ದೆ. ಡಾಕ್ಟರಮ್ಮ ಒಬ್ಬಳು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು. ತಲೆ ನರೆತ ಹೆಂಗಸು, ಮುಖದಲ್ಲಿ ನಗು ಅನ್ನೋದಿಲ್ಲ.

"ಇವಳ ಮೈಯಲ್ಲಿ ರಕ್ತ ಎಲ್ಲಿದೆ?" ಅಂದಳು. ನನ್ನನ್ನಲ್ಲ, ಅಣ್ಣನನ್ನು ಕೇಳಿದಳು.

ಮೊಟ್ಟೆಯ ಕಟ್ಟು ಬಿಚ್ಚಿದರು. ರಕ್ತ ಎಳೆದರು. ಕೈಗೆ, ಎದೆಗೆ ಎಕ್ಸರೇ ಆಯಿತು. ಅವಳು ನನ್ನ ಉಗುರು ತಿರುಗಿಸಿ ನೋಡಿ, "ತಿನ್ನಬಾರದ್ದು ಏನಾದ್ರೂ ತಿಂತೀಯಾ? ಮಣ್ಣು, ಸುಣ್ಣ, ಹಸಿ ಅಕ್ಕಿ?" ಅಂದಳು.

"ಇದ್ದಿಲು."

"ಇದ್ದಿಲಾ?" ಅಂದ ಅಣ್ಣ.

"ಮುಟ್ಟು ಹೇಗೆ ಹೋಗುತ್ತೆ?" ಅಂತ ಕೇಳಿ, ಡಾಕ್ಟರಮ್ಮ ಅಣ್ಣನಿಗೆ, "ನೀವು ಹೊರಗಿರಿ" ಅಂದಳು.

"ಬೇಡ, ಇರಲಿ. ಅವನು ಕೇಳ್ಬೇಕು" ಅಂದೆ. ನಮ್ಮ ಕಡೆ ಅಣ್ಣತಮ್ಮಂದಿರ ಮುಂದೆ ಆ ಮಾತು ಎತ್ತೋದಿಲ್ಲ. ನಾನು ಎತ್ತಿದೆ. ಎಷ್ಟು ಬಟ್ಟೆ, ಎಂಥ ಹೆಪ್ಪು, ಎಷ್ಟು ವರ್ಷದಿಂದ, ಎಲ್ಲ ಹೇಳಿದೆ. ಲಾಕಿ ತಿನ್ನದೆ ಇದ್ದದ್ದೂ ಹೇಳಿದೆ. ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ. ಕಿವಿ ತಿರುಗಿಸೋಕಾಗಲ್ಲವಲ್ಲ.

ಡಾಕ್ಟರಮ್ಮ ಎಕ್ಸರೇಯನ್ನು ಬೆಳಕಿಗೆ ಹಿಡಿದಳು. ಎದೆಯದರಲ್ಲಿ ಸೊಟ್ಟಗೆ ಕೂಡಿದ ಹೆಗಲ ಮೂಳೆ, ಪಕ್ಕೆಲುಬು ಕಂಡವು. "ಇವು ಹೊಡೆತದವು" ಅಂದಳು. ಕೈಯದನ್ನು ಹಿಡಿದಳು. "ಇದು ಹಾಗಲ್ಲ. ಮೂಳೆನೇ ತೆಳ್ಳಗಾಗಿದೆ. ಮುರಿಯೋಕೆ ಯಾರೂ ಹೊಡೀಬೇಕಾಗಿಲ್ಲ."

ರಕ್ತಕ್ಕೂ ಮೂಳೆಗೂ ಏನು ಸಂಬಂಧ ಅಂತ ಅಣ್ಣ ಕೇಳಿದ. ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಮೂಳೆಗೆ ಹಾಲು, ಮೂಳೆಸಾರು ಅಂತ ಎಲ್ಲರಿಗೂ ಗೊತ್ತು. ಕಾಲು ಮುರಿದವರ ಮನೆಗೆಲ್ಲ ಸೂಪಿನ ಕಾಲು ಸುಟ್ಟುಕೊಟ್ಟವಳು ನಾನೇ.

ಅವಳು ಹೇಳಿದ್ದು ನನಗೆ ಅರ್ಥವಾದ ಹಾಗೆ ಬರೀತೀನಿ. ರಕ್ತ ಹುಟ್ಟೋದು ಮೂಳೆಯ ಒಳಗಿನ ಮಜ್ಜೆಯಲ್ಲಿ. ಎರಡೂ ಒಂದೇ ಮನೆಯವು. ಮೂಳೆ ಬರೀ ಸುಣ್ಣ ಅಲ್ಲ, ಒಳಗೆ ನಾರಿನ ಹೆಣಿಗೆ ಇರುತ್ತೆ. ಆ ಹೆಣಿಗೆಗೆ ಕಬ್ಬಿಣದ ಅಂಶ ಬೇಕು. ಅದು ರಕ್ತದಲ್ಲೇ ಇಲ್ಲದಿದ್ದರೆ ಮೂಳೆಗೆ ಎಲ್ಲಿಂದ ಬರುತ್ತೆ. ರಕ್ತ ತೆಳ್ಳಗಾದರೆ ಮೂಳೆಗೆ ಉಸಿರೂ ಕಮ್ಮಿ. ಜೊತೆಗೆ ತಲೆ ಸುತ್ತಿ ಬೀಳೋದು ಬೇರೆ. "ರಕ್ತ ಕಮ್ಮಿ ಇರೋರೆಲ್ಲರ ಮೂಳೆನೂ ಮುರಿಯುತ್ತೆ ಅಂತಲ್ಲ" ಅಂದಳು. "ವಯಸ್ಸು, ಊಟ, ಬಿಸಿಲು ಎಲ್ಲ ಸೇರುತ್ತೆ. ಆದ್ರೆ ಇವೆರಡೂ ಜೊತೇಲಿ ಇರೋದನ್ನ ನಾವು ಬಹಳ ನೋಡ್ತೀವಿ. ಇವಳದು ವರ್ಷಗಟ್ಟಲೆ ಸೋರಿದೆ. ಕೈ ಕೂಡಬೇಕಾದ್ರೂ ಮೊದಲು ರಕ್ತ ತುಂಬಬೇಕು." ಆಮೇಲೆ ನನ್ನ ಕಡೆ ತಿರುಗಿ, "ರಕ್ತ ತಿಂದ್ರೆ ಮುಟ್ಟು ಜಾಸ್ತಿ ಆಗಲ್ಲ. ಗರ್ಭಕೋಶದಲ್ಲಿ ಗಡ್ಡೆ ಇರಬೇಕು. ಯಾರು ಹೇಳಿದ್ದು ನಿನಗೆ?"

"ಅತ್ತೆ."

"ಅವರು ಏನು ತಿಂತಿದ್ರು?"

"ನಾನು ತಿಂದದ್ದೇ. ಸೊಂಟ ಮುರಿದು ಸತ್ತಳು."

ನನಗೆ ಬಡಕಲು ಕುರಿಗಳ ನೆನಪಾಯಿತು. ಮೇವಿಲ್ಲದೆ ಸೊರಗಿದ ಮುದಿ ಕುರಿ ಬಂದರೆ ಅದರ ನಲ್ಲಿ ಮೂಳೆ ಒಡೆಯೋಕೆ ಮಚ್ಚು ಬೀಸೋದೇ ಬೇಡ, ತಟ್ಟಿದರೆ ಸಾಕು. ಒಳಗಿನ ಮಜ್ಜೆ ಕೆಂಪಗಿರಲ್ಲ, ಗಂಜಿಯ ಹಾಗೆ ಇರುತ್ತೆ. ಅಂಥ ಮೂಳೆಯನ್ನು ದಿನಾ ನೋಡಿದ್ದೆ. ನನ್ನ ತೊಗಲೊಳಗೂ ಅದೇ ಇರಬಹುದು ಅಂತ ಯಾಕೆ ಹೊಳೆಯಬೇಕು.

ಹೊರಗೆ ಬಂದು ಅಣ್ಣ ಬೆಂಚಿನ ಮೇಲೆ ಕೂತ. "ಹಂಗಾದ್ರೆ ನಿನ್ನೆ ಅವನು..."

"ಹೊಡೆದಿರಲಿಲ್ಲ."

"ಮತ್ತೆ ನಾವು ಹೊಡೆದದ್ದು?"

"ಹಳೇದಕ್ಕೆ ಅಂತ ಇಟ್ಕೋ."

"ಆದ್ರೂ ನೀನು ಮನೆಗೆ ಬಾ" ಅಂದ. "ಅಲ್ಲಿ ನಿನಗೆ ಏನು ಕಮ್ಮಿ?"

"ನಿಮ್ಮನೇಲಿ ಹೆಂಗಸರು ಯಾವಾಗ ಉಣ್ತಾರೆ?"

ಅವನು ಬೆಂಚಿಂದ ಎದ್ದ.

"ಮನೆಗೆ ಹೋಗಿ ಮೊದಲು ಅತ್ತಿಗೆಯ ಕಣ್ಣು ರೆಪ್ಪೆ ಎಳೆದು ನೋಡು. ಆಮೇಲೆ ನನ್ನನ್ನ ಕರಿ."

ಅವನು ಹೋದ. ಬೀಗದ ಮಾತು ಮತ್ತೆ ಬರಲಿಲ್ಲ. ಅತ್ತಿಗೆಯನ್ನು ಮುಂದಿನ ವಾರ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಬಂದಿದ್ದ ಅಂತ ಆಮೇಲೆ ತಿಳಿಯಿತು.

ನನಗೆ ಯಾರದೋ ರಕ್ತ ಏರಿಸಿದರು. ಕೆಲವು ತಿಂಗಳಾದ ಮೇಲೆ ಗರ್ಭಕೋಶ ತೆಗೆದರು. ಕಪ್ಪು ಮಾತ್ರೆ ಬೆಳಿಗ್ಗೆ, ಬಿಳಿ ಮಾತ್ರೆ ಸಂಜೆ. ಕಪ್ಪನೆಯದು ರಕ್ತಕ್ಕೆ, ಬಿಳಿಯದು ಮೂಳೆಗೆ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದನ್ನೊಂದು ಒಳಗೆ ಬಿಡಲ್ಲವಂತೆ, ವಾರಗಿತ್ತಿಯರ ಹಾಗೆ. ಊಟದ ಹಿಂದೆ ಮುಂದೆ ಚಾ ಬೇಡ, ಕಬ್ಬಿಣದ ಅಂಶ ಮೈಗೆ ಹತ್ತೋಕೆ ಬಿಡಲ್ಲ ಅಂದರು. ಅದೊಂದೇ ಕಷ್ಟವಾದದ್ದು. ಇದ್ದಿಲ ಚಪಲ ತಾನಾಗಿ ಹೋಯಿತು.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಲಗೈ ಕೊರಳಿಗೆ ಕಟ್ಟಿಕೊಂಡು ಎದುರುಬದುರು ಕೂತಿದ್ದೆವು. ಇಡ್ಲಿಯವಳು ತಟ್ಟೆ ತಂದಿಟ್ಟು, "ಒಂದು ಕೈ ಅವರದು, ಒಂದು ಕೈ ನಿಮ್ಮದು, ಸೇರಿಸಿ ಚಪ್ಪಾಳೆ ತಟ್ಟಿ ಕರೀರಿ, ಬರ್ತೀನಿ" ಅನ್ನೋಳು. ಅವನ ಮೂಳೆ ಬೇಗ ಕೂಡಿತು. ನನ್ನದು ತಿಂಗಳುಗಟ್ಟಲೆ ಕೂಡಲಿಲ್ಲ. ಅವನದು ವರ್ಷವೆಲ್ಲ ಲಿವರ್ ತಿಂದ ಮೂಳೆ. ಅದನ್ನು ನೋಡಿ ನನಗೆ ಬಂದ ಸಿಟ್ಟು ಅವನು ಹೊಡೆದಾಗಲೂ ಬಂದಿರಲಿಲ್ಲ.

ಅಂಗಡಿ ತೆರೆದ ದಿನ ಮೊದಲ ಕುರಿ ಬಿತ್ತು. ಅವನು ಲಿವರ್ ಹುರಿದು ತಟ್ಟೆಗೆ ಹಾಕಿ, ಅಭ್ಯಾಸದಂತೆ ತನ್ನ ಮುಂದೆ ಎಳೆದುಕೊಂಡ. ನಾನು ಎಡಗೈಯಲ್ಲಿ ತಟ್ಟೆಯ ಅಂಚು ಹಿಡಿದೆ.

"ಇದು ನಂದು."

ಅವನು ತಟ್ಟೆ ಬಿಡಲಿಲ್ಲ. ನಾನೂ ಬಿಡಲಿಲ್ಲ. ಒಲೆಯಲ್ಲಿ ಕಂಬಿ ಕಾಯುತ್ತಿತ್ತು. ಅವನ ಕಣ್ಣು ಒಲೆಯ ಕಡೆ ಹೋಯಿತು, ಅಲ್ಲಿಂದ ತನ್ನ ಮುಂಗೈಯ ಕಲೆಯ ಕಡೆ ಬಂತು. ಬೆರಳು ಸಡಿಲ ಮಾಡಿದ. ನಿಂಬೆಹಣ್ಣು ಹಿಂಡಿಕೊಂಡು ಎಲ್ಲವನ್ನೂ ನಾನೇ ತಿಂದೆ. ಒಂದು ಚೂರೂ ಬಿಡಲಿಲ್ಲ. ಅವನು ಮೂಳೆಸಾರು ಕುಡಿದ. ಇವತ್ತಿಗೂ ನಮ್ಮಲ್ಲಿ ಮೊದಲ ಕುರಿಯ ಲಿವರ್ ನನ್ನದು.

ಮುಂದಿನ ಹೊಸತೊಡಕಿಗೆ ಡಾಕ್ಟರಮ್ಮ ಕೈ ತಿರುಗಿಸಿ ನೋಡಿ, "ಭಾರ ಎತ್ತಬೇಡ" ಅಂದಿದ್ದಳು. ಸಾಲು ಮತ್ತೆ ತಿರುವಿನವರೆಗೆ ನಿಂತಿತ್ತು. ಸಣ್ಣ ಮಚ್ಚು ತೆಗೆದುಕೊಂಡೆ. ಎಳೆ ಆಡಿನ ತಲೆ ಕೊರಡಿಗೆ ಇಟ್ಟೆ. ಸಾಲಲ್ಲಿ ಮುಂದಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಗಂಡ ಒಳಗೆ ಕಡಿಯೋದು ನಿಲ್ಲಿಸಿ ಬಾಗಿಲಿಗೆ ಬಂದು ನಿಂತ, ಈ ಸಲ ಕತ್ತಿ ಒಳಗೇ ಇಟ್ಟು.

ಎತ್ತಿದೆ, ಇಳಿಸಿದೆ. ಲಟಕ್ ಅಂತು. ಮೊದಲು ಕೈ ನೋಡಿಕೊಂಡೆ, ಆಮೇಲೆ ಕೊರಡು. ತಲೆ ಎರಡು ಹೋಳಾಗಿ ಬಿದ್ದಿತ್ತು. ಮಿದುಳು ಚೆದುರಿರಲಿಲ್ಲ.

"ಮುಂದಿನವರು ಬರ್ರೀ" ಅಂದೆ.